ಇಪ್ಪತ್ತಕ್ಕೆ ಹತ್ತು

ಅವಳ ಫೈಲು ಇನ್ನೂ ಇದೆ ನನ್ನ ಹತ್ತಿರ.
ಎರಡು ಕಂಪ್ಯೂಟರ್ ಬದಲಾದವು, ಒಂದು ಸಿಡಿಲಿಗೆ ಸುಟ್ಟಿತು,
ಆದರೂ ಹೇಗೋ ಉಳಿದುಕೊಂಡಿದೆ:
‘ತೇಜಾವತಿ ಫೈನಲ್ ಹೊಸದು ಇದೇ ಫೈನಲ್’.

ಮೊದಲು ಬಂದದ್ದು ಅವರಪ್ಪ,
ಹಾಸನ ಡಿಪೋದಲ್ಲಿ ಟೈರು ಬಿಚ್ಚುವ ಕಟ್ಟಾಯದ ಜವರಯ್ಯ.
ಉಗುರಲ್ಲಿ ಗ್ರೀಸು, ಪೆನ್‌ಡ್ರೈವಿಗೆ ಕುಂಕುಮ.
‘ಮಗಳು ಟೀವಿಗೆ ಸೆಲೆಕ್ಟ್ ಆಗವ್ಳೆ ಕಣಪ್ಪ,
ಆರಕ್ಕೆ ನಾಕು ಸಾಕು,
ಹೆಸರು ಮಾತ್ರ ದೂರಕ್ಕೆ ಕಾಣ್ಬೇಕು.’
ಕಾಣುವಂತೆ ಹಾಕಿದೆ: ತೇಜಾವತಿ ಕೆ. ಜೆ.

ವಾರ ವಾರಕ್ಕೂ ಅವಳು ಉಳಿದಳು,
ವಾರ ವಾರಕ್ಕೂ ಅಳತೆ ಬೆಳೆಯಿತು.
ಎಂಟಕ್ಕೆ ಆರು, ಹನ್ನೆರಡಕ್ಕೆ ಎಂಟು,
‘ಮೆಸೇಜ್ ಮಾಡಿ, ಮನೆಮಗಳನ್ನು ಗೆಲ್ಲಿಸಿ’.
ಟೀವಿಯವರು ಹೆಸರಿನ ಬಾಲ ಕತ್ತರಿಸಿ ತೇಜು ಮಾಡಿದರು;
ಮೂರು ಅಕ್ಷರ ಮಿಕ್ಕಿದ ಜಾಗಕ್ಕೆ
ನಾನು ಎರಡು ನಕ್ಷತ್ರ, ಒಂದು ಮೈಕು ತುಂಬಿದೆ.

ಗೆದ್ದ ರಾತ್ರಿ ಬಾಗಿಲಷ್ಟಗಲದ ಚೆಕ್ಕು ಹಿಡಿದು ನಿಂತಿದ್ದಳು.
ಮನೆಯವರೆಲ್ಲ ಸೊನ್ನೆ ಎಣಿಸುತ್ತಿದ್ದರು.
ನಾನಂದೆ: ‘ಸನ್‌ಬೋರ್ಡು. ಐದು ಎಂಎಂ.
ಅಂಚು ಸರಿಯಾಗಿ ಕತ್ತರಿಸಿಲ್ಲ.’

ಬೆಳಗಾದರೆ ಎನ್.ಆರ್. ಸರ್ಕಲ್ಲಿಗೆ ಇಪ್ಪತ್ತಕ್ಕೆ ಹತ್ತು.
ಅವಳ ಸುತ್ತ ಹನ್ನೊಂದು ಮುಖಂಡರು,
ತಾವೇ ಹಾಡಿ ದಣಿದವರಂತೆ ಕೈಮುಗಿದು.
ಆ ಹನ್ನೊಂದರಲ್ಲಿ ನಾಲ್ಕರ ದುಡ್ಡು
ಇವತ್ತಿಗೂ ಬಂದಿಲ್ಲ.

ಆಮೇಲೆ ಒಂದು ಸಿನಿಮಾ, ಒಂದು ಹಾಡು.
ನೋಡೋಣ ಅನ್ನುವಷ್ಟರಲ್ಲಿ
ಪೋಸ್ಟರ್ ಮೇಲೆ ಬೇರೆ ಪೋಸ್ಟರ್.
ಆಮೇಲೆ ಗಣಪತಿ ಪೆಂಡಾಲು, ಬಡಾವಣೆಯ ರಾಜ್ಯೋತ್ಸವ,
ಹನ್ನೆರಡಕ್ಕೆ ಎಂಟು, ಎಂಟಕ್ಕೆ ಆರು.
‘ಟೀವಿ ಖ್ಯಾತಿಯ’ ಅನ್ನುವುದು ದಪ್ಪವಾಗುತ್ತ ಹೋಯಿತು,
ತೇಜು ಅನ್ನುವುದು ಅದರಡಿಯಲ್ಲಿ ಕೂತುಕೊಂಡಿತು.

ಒಂದು ತಪ್ಪು ಒಪ್ಪಿಕೊಳ್ಳಬೇಕು.
ಮರುವರ್ಷ ಅರಸೀಕೆರೆಯ ಹುಡುಗನೊಬ್ಬ ಸೆಲೆಕ್ಟ್ ಆದಾಗ
ಅದೇ ಹಿನ್ನೆಲೆ, ಅದೇ ನಕ್ಷತ್ರ, ಅದೇ ಮೈಕು;
ಅವಳ ತಲೆ ತೆಗೆದು ಅವನ ತಲೆ ಇಟ್ಟೆ.
ಡಿಸೈನಿಗೆ ಅಂತ ಇನ್ನೂರು ಬೇರೆ ತೆಗೆದುಕೊಂಡೆ.

ನನ್ನಂಗಡಿ ಇರುವುದು ಆಲೂಗಡ್ಡೆ ಮಂಡಿಯ ಎದುರು.
ಒಂದು ಆಷಾಢದ ಸಂಜೆ, ಮಳೆಗೆ ಸಿಕ್ಕ ಮೂಟೆಗಳ ಮೇಲೆ
ಮಂಡಿಯವರು ಎಳೆದದ್ದು ಅದೇ ಇಪ್ಪತ್ತಕ್ಕೆ ಹತ್ತು.
ತಲೆಕೆಳಗಾದ ಅವಳ ನಗು, ಹಲ್ಲಿನ ಸಾಲಲ್ಲಿ ನೀರು.
ಸರಿಯಾಗಿ ಅದೇ ಹೊತ್ತಿಗೆ ಸ್ಕೂಟಿ ನಿಲ್ಲಿಸಿ ಅವಳೇ ಬಂದಳು.
ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.
ಅವಳು ಹೆಲ್ಮೆಟ್ ತೆಗೆದು ಚೆನ್ನಾಗಿಯೇ ನೋಡಿದಳು.
‘ಬಿಡಿ ಅಣ್ಣ, ಆಲೂಗಡ್ಡೆಯಾದ್ರೂ ನೆನೀಲಿಲ್ಲವಲ್ಲ.’

ಈಗ ದಿನಾ ಬೆಳಿಗ್ಗೆ ಆರೂಮುಕ್ಕಾಲಿಗೆ
ನಮ್ಮ ಬೀದಿಗೆ ಕಸದ ಗಾಡಿ ಬರುತ್ತದೆ.
‘ಹಸಿ ಕಸ ಬೇರೆ, ಒಣ ಕಸ ಬೇರೆ, ಪ್ಲಾಸ್ಟಿಕ್ ಬೇಡವೇ ಬೇಡ.’
‘ಬೇಡ’ದ ಕೊನೆಯಲ್ಲಿ ಗಂಟಲು ಒಂದಿಷ್ಟೇ ತಿರುಗುತ್ತದೆ,
ಯಾರೂ ದುಡ್ಡು ಕೊಡದ ಒಂದು ತಿರುವು.
ಬಕೆಟ್ಟು ಹಿಡಿದವರು ಬಕೆಟ್ಟು ನೋಡುತ್ತಾರೆ.
ಇಡೀ ಊರು ಎದ್ದು ಬಾಗಿಲಿಗೆ ಬರುತ್ತದೆ, ಅವಳು ಕರೆದರೆ;
ಅಂದು ಬಂದ ವೋಟಿಗಿಂತ ಹೆಚ್ಚು ಜನ.
ಪ್ಲಾಸ್ಟಿಕ್ ಬೇಡವಾದ ಮೇಲೆ
ನನಗೆ ಎರಡು ಸಲ ದಂಡ ಬಿದ್ದಿದೆ.

ಮೊನ್ನೆ ಬಂದಿದ್ದಳು. ಅಪ್ಪನ ರಿಟೈರ್‌ಮೆಂಟು,
ಡಿಪೋ ಗೇಟಿಗೆ ಬಟ್ಟೆಯ ಬ್ಯಾನರು.
‘ಕಸದ ಗಾಡೀಲಿ ನೀನೇ ಅಲ್ವೇನಮ್ಮ?’ ಕೇಳಿದೆ.
‘ಒಂದೇ ಟೇಕು ಅಣ್ಣ,’ ಎಂದಳು,
‘ಮಾರ್ಕ್ಸ್ ಕೊಡೋಕೆ ಯಾರೂ ಕೂತಿರಲಿಲ್ಲ.’

ಮೆಷಿನ್ನು ಓಡುತ್ತಿತ್ತು, ಹೋಗಿ ಬಂದು, ಹೋಗಿ ಬಂದು.
ಅವಳು ಕತ್ತು ಓರೆ ಮಾಡಿ ಕೇಳುತ್ತ ನಿಂತಳು.
‘ಮುಂಚೆ ಇದು ಕಪ್ಪು ಎರಡರಲ್ಲಿ ಗುಂಯ್ ಅಂತಿತ್ತು.
ಈಗ ಶ್ರುತಿ ಇಳಿದಿದೆ. ಒಮ್ಮೆ ತೋರಿಸಿ.’

ನಕ್ಕು ಚಿಲ್ಲರೆ ಕೊಟ್ಟೆ.
ಮಾರನೇ ದಿನ ಮಧ್ಯಾಹ್ನ, ಯಾರದೋ ನಾಮಕರಣದ ಅರ್ಧದಲ್ಲಿ,
ಬೆಲ್ಟು ಕಿತ್ತುಹೋಯಿತು.