ಹಗ್ಗದ ಈ ತುದಿ

ಯಾದವಗಿರಿ, ನಾಲ್ಕನೇ ಮೇನು. ಮಳೆಮರ.
ಓನರ್ರು ಗೇಟಿನಿಂದಲೇ, "ಪೂರ್ತಿ ಬೋಳಿಸಿಬಿಡಪ್ಪ,
ಕಾರಿನ ಮೇಲೆಲ್ಲ ಅಂಟು."
ಮಂಟೇಲಿಂಗಣ್ಣ ಬೆಲ್ಟು ಬಿಗಿಯುತ್ತಾ,
"ಮುಡಿ ಕೊಡೋಕೆ ನಂಜನಗೂಡಿಗೆ ಹೋಗಿ ಸಾರ್.
ಇಲ್ಲಿ ಮೂರರಲ್ಲೊಂದು ಪಾಲು, ಅಷ್ಟೇ."

ಕೆಳಗೆ ನಾನು, ಹಗ್ಗದ ಈ ತುದಿ.
ಅಡಿಯಿಂದೊಂದು ಗೀರು, ಆಮೇಲೆ ಮೇಲಿಂದ.
ಕೊಂಬೆಯ ಭಾರ ಹಗ್ಗಕ್ಕೆ ಬಂದಾಗ
ನನ್ನ ಹಿಮ್ಮಡಿ ಮಣ್ಣಲ್ಲಿ ಗೇಣುದ್ದ ಜಾರಿತು.
ಉಳಿದ ಮೋಟನ್ನು ಕೊನೆಗೆ,
ಬುಡದ ಉಬ್ಬಿಗೆ ತಾಗದ ಹಾಗೆ,
ಕೂಸಿನ ಉಗುರು ತೆಗೆದಂತೆ.

ಮೇಲಿಂದ ಕೂಗು:
"ಇಲ್ನೋಡ್ಲಾ, ಹನ್ನೊಂದು ವರ್ಷದ ಹಿಂದೆ ನಾನೇ ಕೊಯ್ದಿದ್ದು!"
ತೊಗಟೆ ಸುತ್ತಲಿಂದ ಕೂಡಿ ಬಂದು
ನಡುವೆ ಬರೀ ಒಂದು ಹೊಕ್ಕುಳು.
ಹೆಬ್ಬೆರಳಿಟ್ಟು ಸವರಿದ.

ಅದರ ಪಕ್ಕ
ಕರೆಂಟಿನವರು ಮಚ್ಚಲ್ಲಿ ಕಡಿದು ಹೋದದ್ದು.
ಕೊಳೆತು, ಒಳಗೆಲ್ಲ ಪೊಳ್ಳು.
ಬೈಯಲು ಬಾಯಿ ತೆರೆದವನು ಹಾಗೇ ನಿಂತ:
ಪೊಳ್ಳಿನಿಂದ ಗಿಣಿಯ ಕೆಂಪು ಕೊಕ್ಕು.

ಸಂಜೆ ಓನರ್ರು ಕತ್ತೆತ್ತಿ ನೋಡಿ,
"ಏನ್ ಕಡಿದ್ಯಪ್ಪ, ಹಂಗೇ ಇದೆಯಲ್ಲ!"
ಅದು ಹೊಗಳಿಕೆಯೆಂದು ಅವರಿಗೆ ಗೊತ್ತಿಲ್ಲ.

ಟೀ ಮುಗಿಸಿ
ಗರಗಸದ ಹಲ್ಲಿನ ಪುಡಿ ಒರೆಸುತ್ತಾ
ಮಂಟೇಲಿಂಗಣ್ಣ ಅಂದ:
"ನಾನು ಕೊಯ್ದ ಕಡೆ ಒಂದು ಗೂಡೂ ಇಲ್ಲ ಕಣ್ಲಾ."