ತುದಿಗಾಲು

ಕೇತೋ ಹತ್ತು ತಿಂಗಳಿಂದ ತುದಿಗಾಲಲ್ಲೇ ನಿಂತಿದ್ದಾಳೆ,
ಮಾತಿನಲ್ಲಿ.
ಕುತೈಸಿಯ ಈ ಇಳಿಜಾರು ಬೀದಿಯ ಅಂಗಡಿಯೊಂದರಲ್ಲಿ
ಗುಲಾಬಿ ಸ್ಯಾಟಿನ್ನಿನ ಷೂ
ಗಾಜಿನಾಚೆಯಿಂದ ದಿನಾ ನಮ್ಮನ್ನು ತಡೆಯುತ್ತದೆ.
ನಾನು ತಾತ, ಕೊಡಿಸಬಲ್ಲೆ.
ಲಾಮಾರಾ ಒಪ್ಪಬೇಕು.

ಲಾಮಾರಾಳ ಮಾತು ಗೋಡೆಗೆ ಹೊಡೆದ ಮೊಳೆ:
‘ಆಸೆ ಎಷ್ಟೆತ್ತರ ಬೇಕಾದರೂ ನಿಲ್ಲಲಿ.
ನನಗೆ ಕೀಲು ತೋರಿಸಿ.’

ಹಾಗಾಗಿ ಸಂಜೆಯಾದರೆ ನಮ್ಮ ಅಡುಗೆಮನೆ ಬೇರೆಯೇ ಶಾಲೆ.
ನೆಲಕ್ಕೆ ಹಾಸಿದ ಟವೆಲ್ಲನ್ನು
ಕಾಲ್ಬೆರಳಲ್ಲೇ ಗೋರಿ ಗೋರಿ ಎಳೆದುಕೊಳ್ಳುತ್ತಾಳೆ.
ಅದು ಮುಗಿದರೆ ಇನ್ನೊಂದು:
ಬೆರಳು ಮಡಚದೆ, ನೀಳವಾಗಿಯೇ ಬಿಟ್ಟು,
ಅಂಗಾಲನ್ನಷ್ಟೇ ಕಮಾನಾಗಿ ಎತ್ತಬೇಕು.
ನೋಡುವವರಿಗೆ ಏನೂ ನಡೆಯುತ್ತಿಲ್ಲ.
ಅವಳ ಹಣೆ ಮಾತ್ರ ಬೆವರುತ್ತದೆ.

ಹಲ್ಲುಜ್ಜುವಾಗ ಒಂಟಿಕಾಲು, ಕಣ್ಣು ಮುಚ್ಚಿ;
ನೊರೆ ಕನ್ನಡಿಗೆಲ್ಲ.

ಮೆಟ್ಟಿಲ ಅಂಚಿನಲ್ಲಿ ಹಿಮ್ಮಡಿ ಗಾಳಿಗೆ ಬಿಟ್ಟು
ಏರು, ತಡೆ, ಇಳಿ.
‘ಇಳಿಯೋದೇ ಕಷ್ಟ, ತಾತಾ.’
ಗೊತ್ತು ಮಗಳೇ, ಬೀಳೋದು ಇಳಿಯೋದಲ್ಲ.
ಎರ್ತಿ, ಓರಿ, ಸಾಮಿ...
ಹದಿನಾರಕ್ಕೆ ಮೀನಖಂಡ ನಡುಗುತ್ತದೆ,
ಲಾರಿ ಹಾಯ್ದಾಗ ರಿಯೋನಿಯ ಸೇತುವೆ ನಡುಗಿದ ಹಾಗೆ.

ರಿಬ್ಬನ್ ಮಾತ್ರ ಮೊದಲೇ ಕೊಂಡಿಟ್ಟಿದ್ದಾಳೆ.
ನನ್ನ ಹಳೆಯ ಕಾಲುಚೀಲಕ್ಕೆ ಹೊಲಿದು, ಬಿಚ್ಚಿ, ಮತ್ತೆ ಹೊಲಿದು
ಗಂಟನ್ನು ಕಣಕಾಲಿನ ಒಳಬದಿಗೆ ಅಡಗಿಸುತ್ತಾಳೆ.
ತುದಿ ಕಾಣಬಾರದಂತೆ.

ನಾನೂ ಬೆರಳ ಮೇಲೆ ಕುಣಿದವನೇ.
ಮೆತ್ತನೆ ತೊಗಲ ಬೂಟು, ಒಳಗೆ ಆಧಾರ ಏನೂ ಇಲ್ಲ,
ಬೆರಳನ್ನು ಒಳಕ್ಕೆ ಮಡಚಿ ಗೆಣ್ಣಿನ ಮೇಲೆ ಎದ್ದು,
ಕೈಯಲ್ಲಿ ಕಠಾರಿ, ಬೆನ್ನ ಹಿಂದೆ ಡೋಲು.
ಮೂಳೆಗೆಷ್ಟು ವಯಸ್ಸೆಂದು ಯಾರೂ ಕೇಳಲಿಲ್ಲ.
ಹದಿಮೂರಕ್ಕೆ ಎದ್ದೆ. ಈಗ ಅರವತ್ತೊಂಬತ್ತು.
ಎಡಗಾಲ ಹೆಬ್ಬೆರಳಿಗೆ ಜಾಗ ಸಾಲದೆ
ಚಪ್ಪಲಿಗೇ ತೂತು ಕೊರೆದಿದ್ದೇನೆ.

ಒಮ್ಮೆ ಬಾಯಿತಪ್ಪಿ ಅಂದೆ: ‘ಬೆರಳು ಮಡಚಿ ನೋಡು, ಸುಲಭ.’
ಲಾಮಾರಾ ನನ್ನನ್ನು ಬಾಗಿಲಾಚೆಯ ಕುರ್ಚಿಗೆ ಕಳಿಸಿದಳು.

ಅಲ್ಲಿಂದಲೂ ಕೇಳಿಸುತ್ತದೆ.
ಸೊಂಟದಿಂದ ತಿರುಗಿಸು, ಮಂಡಿಯನ್ನು ತಿರುಚಬೇಡ.
ಪಾದ ಕುಡುಗೋಲಾಗದಿರಲಿ.
ನಾಳೆ ಷೂ ಬಂದರೂ ಕಂಬಿ ಹಿಡಿದು ಹತ್ತೇ ನಿಮಿಷ.
ಷೂ ನಿನ್ನನ್ನು ಹೊರುವುದಿಲ್ಲ ಹುಡುಗೀ,
ಬಾವಿಯಿಂದ ಕೊಡ ಸೇದುವ ಹಾಗೆ
ಅದರೊಳಗಿಂದ ನಿನ್ನನ್ನು ನೀನೇ ಸೇದಿಕೋ.

ಏಪ್ರಿಲ್. ಪರೀಕ್ಷೆ. ಮೂವರಿಗೆ ಹೂಂ.
ಕೇತೋಗೆ: ‘ಬಲಗಾಲು ಬಂದಿದೆ. ಎಡಗಾಲು ಇನ್ನೂ ದಾರಿಯಲ್ಲಿದೆ.
ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ನೋಡೋಣ.’

ಅಳಲಿಲ್ಲ. ಅಂಗಡಿಯ ಗಾಜಿನ ಮುಂದೆ ನಿಲ್ಲಲೂ ಇಲ್ಲ.
ಮನೆಗೆ ಬಂದವಳು ಕೋಟನ್ನೂ ಬಿಚ್ಚದೆ
ನೇರ ಮೆಟ್ಟಿಲ ಅಂಚಿಗೆ ಹೋದಳು. ಎಡಗಾಲೊಂದೇ.

ನನಗೆ ಸಿಟ್ಟು,
ಲಾಮಾರಾಳ ಮೇಲೆ, ಆ ಷೂಗಳ ಮೇಲೆ,
ಆಮೇಲೆ, ತಡವಾಗಿ,
ಐವತ್ತಾರು ವರ್ಷದ ಹಿಂದೆ
ನನಗೆ ‘ಇನ್ನೂ ಇಲ್ಲ’ ಅನ್ನದೆ ಹೋದವರ ಮೇಲೆ.

ಚಪ್ಪಲಿ ಕಳಚಿದೆ. ಅವಳ ಪಕ್ಕ ನಿಂತು ಕಂಬಿ ಹಿಡಿದೆ.
‘ಎರಡೂ ಕೈ, ತಾತಾ.’
ಎರ್ತಿ.
ನನ್ನ ಹಿಮ್ಮಡಿ ಒಂದು ಬೆರಳಷ್ಟು ನೆಲ ಬಿಟ್ಟಿತು.
‘ಈಗ ಇಳಿ,’ ಅಂದಳು, ‘ಬೀಳಬೇಡ.’