ಒಂದೂಕಾಲು ಇಂಚು

ಕಿರುಬೆರಳು ಮೊದಲು ಹೋಯಿತು.
ಜಗಳೂರಿನ ಅಂಗಡಿಯಲ್ಲಿ ಚಿಲ್ಲರೆ ಎಣಿಸುವಾಗ
ಐದರ ಬಿಲ್ಲೆ ಜಾರಿದ್ದು
ನೆಲದಲ್ಲಿ ಸದ್ದಾದ ಮೇಲೇ ಗೊತ್ತಾದದ್ದು.
ಆಮೇಲೆ ಉಂಗುರದ ಬೆರಳು.
ಆಮೇಲೆ ಕತ್ತಿನ ಬುಡದಲ್ಲಿ
ಯಾರೋ ಕೂತು ಸ್ಕ್ರೂ ತಿರುವಿದ ಹಾಗೆ.

ತಪ್ಪು ಗಾಡಿಯದ್ದಲ್ಲ.
ಕಾಲೇಜು ಹುಡುಗನೊಬ್ಬ ಓಡಿಸಿ ಮಾರಿದ್ದು;
ಟ್ಯಾಂಕಿನ ಮೇಲೆ ಮಲಗಿ ಗಾಳಿ ಸೀಳುವವರಿಗೆಂದು
ಹ್ಯಾಂಡಲ್ಲು ತಗ್ಗಿಸಿಯೇ ಹುಟ್ಟಿಸಿದ್ದಾರೆ ಅದನ್ನ.
ನಾನು ಸೀಳುವುದೇನು?
ನನ್ನ ಹಿಂದೆ ಆರು ಮೂಟೆ ಮಂಡಕ್ಕಿ,
ತೂಕವಿಲ್ಲ, ಆದರೆ ಜಾಗವೆಲ್ಲ ಅವುಗಳದೇ.
ಮದುವೆಮನೆಯ ನೆಂಟರ ಹಾಗೆ ಒತ್ತರಿಸಿ ಒತ್ತರಿಸಿ
ನನ್ನನ್ನು ಟ್ಯಾಂಕಿಗೆ ತಂದು ಕೂರಿಸಿವೆ.
ಹಿಂದಿನಿಂದ ನೋಡಿದರೆ ನಾನಿಲ್ಲ,
ಮೂಟೆಗಳೇ ರಸ್ತೆ ಹಿಡಿದು ಹೊರಟಿರುತ್ತವೆ.

"ಹಗೂರದ್ದು ಹೊತ್ತು ಬೆನ್ನು ಬಗ್ಗಿಸ್ಕೊಂಡೋನು
ಊರಾಗೆ ನೀನೊಬ್ಬನೇ" ಅಂದಳು ವನಜಾಕ್ಷಿ,
ಮುಲಾಮು ತಿಕ್ಕುತ್ತ.

ಮುಚ್ಚಿದ ಮಿಲ್ಲಿನ ಗೋಡೆಗೆ ಬೆನ್ನು ಕೊಟ್ಟು
ದಾದಾಪೀರನ ಲೇತು.
ಸಂಬಳದ ಬಾಕಿಗೆ ಬದಲು
ಅವನಪ್ಪ ಎತ್ತಿನಗಾಡಿಯಲ್ಲಿ ಎಳೆದು ತಂದದ್ದಂತೆ.
"ಅಳತೆ ಗಾಡೀದಲ್ಲಪ್ಪಾ, ನಿಂದು" ಅಂದ.
"ಹತ್ತಿ ಕುಂದ್ರು. ಕಣ್ ಮುಚ್ಚು.
ಕೈ ಚಾಚು, ಹೆಂಗ್ ಬರ್ತಾವೋ ಹಂಗೆ."
ಮುಚ್ಚಿದೆ. ಚಾಚಿದೆ.
ಗಾಳಿಯಲ್ಲಿ ನಿಂತವು ಎರಡೂ ಕೈ
ಕೂಸನ್ನು ಇಸಕೊಳ್ಳುವವನ ಹಾಗೆ.
ಆ ಖಾಲಿಗೂ ಹ್ಯಾಂಡಲ್ಲಿಗೂ ನಡುವೆ
ಸ್ಕೇಲು ಹಿಡಿದು ಓದಿದ: ಒಂದೂಕಾಲು.
ನಲವತ್ಮೂರು ವರ್ಷದ ಈ ಮೈಗೆ
ಮದುವೆಯ ದರ್ಜಿಯ ನಂತರ
ಅಳತೆ ಹಿಡಿದವನು ಇವನೇ.

ಅಲ್ಯೂಮಿನಿಯಂ ಸರಳು ಕೀರಲಿಕ್ಕೆ ಹತ್ತಿತು.
ಹೊಳೆವ ಸಿಪ್ಪೆ ಸುರುಳಿಯಾಗಿ
ಅವನ ಚಪ್ಪಲಿಯ ಮೇಲೆ ಬಿತ್ತು.
ಎರಡು ಗಟ್ಟಿ ತುಂಡು,
ಕೋಳಿ ಈಗಷ್ಟೇ ಇಟ್ಟ ಮೊಟ್ಟೆಯಷ್ಟು ಬಿಸಿ.

ಕೂರಿಸಿದ್ದು ಸಲೀಸು. ನಾಲ್ಕು ಬೋಲ್ಟು ಬಿಚ್ಚಿ
ತುಂಡಿಟ್ಟು, ಉದ್ದನೆಯವು ಹಾಕಿ,
ಮುಂದಿನದು ಅರ್ಧ ಸುತ್ತು, ಹಿಂದಿನದು ಅರ್ಧ ಸುತ್ತು.
ತೊಡಕು ಆಮೇಲೆ:
ಹ್ಯಾಂಡಲ್ಲು ಎಡಕ್ಕೆ ಪೂರ್ತಿ ಎಳೆದರೆ
ಯಾರೂ ಮುಟ್ಟದೆ ಇಂಜಿನ್ನು ಅರಚುತ್ತದೆ.
ರೇಸಿನ ಕೇಬಲ್ಲು ಸಾಲದು, ಕ್ಲಚ್ಚಿನದೂ ಸಾಲದು,
ಬ್ರೇಕಿನ ಪೈಪು ಜಗಳಗಂಟನ ಕತ್ತಿನ ನರ.
"ಒಂದನ್ನ ಎತ್ತಿದ್ರೆ
ಅದಕ್ಕೆ ಜೋತ್ಕೊಂಡಿದ್ದೆಲ್ಲ ಎಳೀತಾವೆ, ಮನಿಯಂಗೇ"
ಅಂದ ದಾದಾಪೀರ, ದೊಡ್ಡ ಮಾತಾಡಿದವನಂತೆ,
ಬಿಲ್ಲಿಗೆ ಮುನ್ನೂರೆಂಬತ್ತು ಸೇರಿಸಿದ.
ಟ್ಯಾಂಕು ಇಳಿಯಿತು. ಕೇಬಲ್ಲಿಗೆ ಒಳದಾರಿ ಸಿಕ್ಕಿತು.
ಎರಡು ಸಲ ಚಾ ಬಂತು, ಒಂದು ಸಲ ಕರೆಂಟು ಹೋಯಿತು.

ಬೆಳಿಗ್ಗೆ ಐದಕ್ಕೆ ಭಟ್ಟಿಯ ಹೊಗೆಯೊಳಗಿಂದ
ಆರು ಮೂಟೆ, ಹಗ್ಗ, ನಾನು.
ಬೆನ್ನು ನೆಟ್ಟಗೆ. ನಾಚಿಕೆಯಾಗುವಷ್ಟು ನೆಟ್ಟಗೆ,
ಫೋಟೋಕ್ಕೆ ಕೂತವನ ಹಾಗೆ.
ಎರಡು ವರ್ಷ ಈ ದಾರಿಯಲ್ಲಿ ಕಂಡದ್ದು
ಮೀಟರಿನ ಮುಳ್ಳು, ಗುಂಡಿ, ಲಾರಿಯ ಮಡ್‌ಗಾರ್ಡು.
ಇವತ್ತು ಮೆಕ್ಕೆಜೋಳದ ಸೂಲಂಗಿಯ ಆಚೆ
ಗುಡ್ಡದ ಸಾಲು, ಅದರ ಮೇಲೆ ಗಾಳಿಯಂತ್ರ,
ಒಂದು ತಿರುಗದೆ ನಿಂತಿತ್ತು.
ಅದೂ ಮೊದಲಿಂದ ಅಲ್ಲೇ ಇತ್ತೇನೋ.

ಗಾಳಿ ಮಾತ್ರ ಈಗ ನೇರ ಎದೆಗೆ.
ಮುಂಚೆ ನನ್ನ ತಲೆ ಮೇಲೆ ಹಾದು
ಮೂಟೆಗೆ ಬಡಿಯುತ್ತಿದ್ದದ್ದು.
ಅಂಗಿಯ ಒಂದು ಗುಂಡಿ ಎಲ್ಲೋ ಬಿತ್ತು,
ಪೆಟ್ರೋಲೂ ತುಸು ಜಾಸ್ತಿ ಕುಡಿಯಿತು.

"ಏನ್ ಹಾಲೇಶಿ, ಉದ್ದ ಆಗೀಯಲ್ಲ?"
ಅಂಗಡಿಯ ಮರುಳಪ್ಪ ನೋಟು ಎಣಿಸುತ್ತ ಕೇಳಿದ.
ಏನೂ ಹೇಳಲಿಲ್ಲ.
ದಾದಾಪೀರ ಕೊಟ್ಟ ಉಳಿಕೆ ತುಂಡು ಜೇಬಲ್ಲಿತ್ತು,
ತೆಗೆದು ಬೆರಳ ನಡುವೆ ತಿರುಗಿಸಿದೆ.
ಉಂಗುರದ ಬೆರಳಿಗೆ ತಣ್ಣಗಿದೆ.
ಕಿರುಬೆರಳಿಗೆ
ಇನ್ನೂ ಸುದ್ದಿ ಮುಟ್ಟಿಲ್ಲ.